ದಬ್ಬೇಘಟ್ಟಕ್ಕೆ ಕೇಳಿಸಿದ ನಾಯಿ

ದಬ್ಬೇಘಟ್ಟ
೩ ಆಗಸ್ಟ್ ೨೦೨೫

ಮಾನ್ಯ ಸೂರ್ಯಪ್ರಕಾಶ್ ಅವರಿಗೆ,

ನಮಸ್ಕಾರಗಳು. ನೀವು ಕಳಿಸಿದ ಪೆನ್‌ಡ್ರೈವ್ ಗುರುವಾರ ತಲುಪಿತು. ಪೋಸ್ಟ್‌ಮ್ಯಾನ್ ಅದನ್ನು ಗ್ರಂಥಾಲಯಕ್ಕೇ ತಂದುಕೊಟ್ಟರು. ಓದುತ್ತ ಕೂತಿದ್ದವರೆಲ್ಲ ಪತ್ರಿಕೆ ಮಡಿಸಿಟ್ಟು, ನಾನು ಲಕೋಟೆ ಒಡೆಯುವುದನ್ನು ನೋಡಲು ಮೇಜಿನ ಸುತ್ತ ನಿಂತರು. ಸ್ವೀಡನ್ ದೇಶದ ಸಿನಿಮಾ ಬಂದಿದೆ ಎಂಬ ಸುದ್ದಿ ಸಂಜೆಯ ಹಾಲಿನ ಜೊತೆಗೆ ಡೇರಿ ತಲುಪಿತ್ತು.

ಮಾರ್ಚ್‌ನಲ್ಲಿ ಪತ್ರಿಕೆಯ ಪುರವಣಿಯಲ್ಲಿ ನಿಮ್ಮ ಸಿನಿಮಾ ಅಂಕಣ ಓದಿ, "ಇಂಥ ಚಿತ್ರವನ್ನು ನಮ್ಮೂರಿನವರು ನೋಡುವುದು ಯಾವ ಕಾಲಕ್ಕೋ" ಎಂದು ಸುಮ್ಮನೆ ಒಂದು ಸಾಲು ಬರೆದಿದ್ದೆ. ನೀವು ಆ ದೇಶಕ್ಕೆ ಬರೆದು, ಅನುಮತಿ ಪಡೆದು, ಕನ್ನಡದ ಅಡಿಬರಹಗಳನ್ನೂ ನೀವೇ ಕೂತು ಸಿದ್ಧಪಡಿಸಿ ಕಳಿಸುತ್ತೀರಿ ಎಂದು ನಾನು ಎಣಿಸಿರಲಿಲ್ಲ.

ಪ್ರದರ್ಶನ ೩೧ರ ಭಾನುವಾರ ಸಂಜೆ. ಗ್ರಂಥಾಲಯದ ಕೋಣೆ ಚಿಕ್ಕದು. ಆದ್ದರಿಂದ ತೆಂಗಿನ ಬೆಳೆಗಾರರಾದ ನಂಜುಂಡಪ್ಪನವರು ತಮ್ಮ ಕೊಬ್ಬರಿ ಮನೆಯ ಕೆಳಭಾಗ ಬಿಟ್ಟುಕೊಟ್ಟಿದ್ದಾರೆ. ಅಟ್ಟದ ತುಂಬ ಕಾಯಿ ಒಣಗುತ್ತಿವೆ, ಕೆಳಗೆ ಖಾಲಿ. ಅವರದು ಒಂದೇ ಷರತ್ತು: "ಆ ಪಿಕ್ಚರ್ ಬರೆದೋರು ಬಂದು ಮುಂದ್ಗಡೆ ಕೂತ್ಕಬೇಕು ಕಣಮ್ಮ. ಅರ್ಥ ಆಗ್ದಿದ್ರೆ ಯಾರನ್ನ ಕೇಳಾನ?" ಚಿತ್ರ ಬರೆದವರು ಬೇರೆ, ಚಿತ್ರದ ಬಗ್ಗೆ ಬರೆದವರು ಬೇರೆ ಎಂದೆ. "ಯಾರಾದ್ರೂ ಒಬ್ರು ಬರ್ಲಿ ಬುಡು" ಎಂದರು.

ನಾವು ಪತ್ರ ಬರೆಯಲು ಶುರುಮಾಡಿ ಎರಡು ವರ್ಷವಾಯಿತು. ಇಷ್ಟರಲ್ಲಿ ಮೂರು ಸಲ ಕರೆದಿದ್ದೇನೆ. ಒಮ್ಮೆ ನಿಮಗೆ ಜ್ವರ, ಒಮ್ಮೆ ಪುರವಣಿಯ ಕೆಲಸ, ಒಮ್ಮೆ ಕಾರಣವನ್ನೇ ಬರೆಯಲಿಲ್ಲ. ಫೋನ್ ನಂಬರ್ ಕೊಟ್ಟೆ, ನೀವು ಮಾಡಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ನಾನು, ನಮ್ಮ ಅತ್ತೆ ಬೋರಮ್ಮ ಇಬ್ಬರೇ. ನಿಮ್ಮ ಪತ್ರ ಬಂದ ದಿನ ನಾನು ಹೇಗಿರುತ್ತೇನೆ ಎಂಬುದನ್ನು ಅವರು ಗಮನಿಸಿದ್ದಾರೆ. ನಿಮ್ಮ ಬಗ್ಗೆ ಅವರು ಕೇಳಿದ ಒಂದು ಪ್ರಶ್ನೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಂದರೆ ಅವರೇ ಕೇಳುತ್ತಾರೆ.

ಈ ಸಲವೂ ಬರದಿದ್ದರೆ, ನಿಮಗೆ ಬರುವ ಮನಸ್ಸಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಪತ್ರ ಬರೆಯುವುದನ್ನು ನಿಲ್ಲಿಸುವುದಿಲ್ಲ. ಕರೆಯುವುದನ್ನು ನಿಲ್ಲಿಸುತ್ತೇನೆ.

ಇತಿ,
ಸುನಂದಾ
ಮೇಲ್ವಿಚಾರಕಿ, ಗ್ರಾಮ ಪಂಚಾಯಿತಿ ಗ್ರಂಥಾಲಯ


ಧಾರವಾಡ
೧೧ ಆಗಸ್ಟ್ ೨೦೨೫

ಶ್ರೀಮತಿ ಸುನಂದಾ ಅವರಿಗೆ,

ವಂದನೆಗಳು. ೩೧ರಂದು ಇಲ್ಲಿ ಒಂದು ಕಾರ್ಯಕ್ರಮಕ್ಕೆ ಮೊದಲೇ ಒಪ್ಪಿಕೊಂಡಿದ್ದೇನೆ. ದಯವಿಟ್ಟು ತಪ್ಪು ತಿಳಿಯಬೇಡಿ. ಗುಂಪು, ಸಭೆ ನನಗೆ ಒಗ್ಗುವುದಿಲ್ಲ. ಫೋನೂ ಅಷ್ಟೇ. ನಾನು ಮಾತುಗಾರ ಅನ್ನಿಸಿಕೊಳ್ಳುವುದು ಕಾಗದದ ಮೇಲೆ ಮಾತ್ರ.

ನಾನು ಬರದಿದ್ದರೂ ಚಿತ್ರ ತಾನೇ ಮಾತಾಡುತ್ತದೆ. ಮೊದಲೇ ಓದಿ ಹೇಳಲು ಅನುಕೂಲವಾಗಲಿ ಎಂದು ಮುಖ್ಯ ವಿವರಗಳನ್ನು ಕೊಡುತ್ತಿದ್ದೇನೆ. ಹೆಸರನ್ನು ನಾನು "ನವೆಂಬರಿನ ಬಾಗಿಲು" ಎಂದು ಕನ್ನಡ ಮಾಡಿದ್ದೇನೆ. ಅವಧಿ ಎರಡು ಗಂಟೆ ಹತ್ತು ನಿಮಿಷ. ಯುರೋಪಿನ ಎರಡು ಉತ್ಸವಗಳಲ್ಲಿ ಬಹುಮಾನ ಬಂದಿದೆ. ಆದರೂ ಅಭಿಪ್ರಾಯ ಒಂದೇ ಇಲ್ಲ. ಅಲ್ಲಿಯ ಒಬ್ಬ ವಿಮರ್ಶಕ ಇದು ಈ ದಶಕದ ಚಿತ್ರ ಎಂದ. ಇನ್ನೊಬ್ಬ, ಇದನ್ನು ನೋಡುವ ಬದಲು ಕಿಟಕಿಯಿಂದಾಚೆ ನೋಡಿದ್ದರೆ ಹೆಚ್ಚು ಘಟನೆ ಸಿಗುತ್ತಿತ್ತು ಎಂದ.

ಕಥೆ ಸರಳ. ಆರ್ವಿಡ್ ಎಂಬ ನಿವೃತ್ತ ದೋಣಿ ರಿಪೇರಿಗಾರ. ಎಷ್ಟೋ ವರ್ಷದ ಹಿಂದೆ ತಾನು ಬಿಟ್ಟುಹೋದ ಹೆಂಡತಿ ಬ್ರಿಟಾಳ ಊರಿಗೆ ಅವನು ಮರಳಿ ಬರುತ್ತಾನೆ. ಊರಾಚೆಯ ಒಂದು ಕೋಣೆಯಲ್ಲಿ ಇಳಿದುಕೊಂಡು, ದಿನವೂ ಹಿಮದಲ್ಲಿ ನಡೆದು ಅವಳ ಮನೆಯವರೆಗೆ ಹೋಗಿ ಹಿಂತಿರುಗುತ್ತಾನೆ. ಕೊನೆಯ ದೃಶ್ಯದಲ್ಲಿ ಬಾಗಿಲ ಮುಂದೆ ನಿಲ್ಲುತ್ತಾನೆ. ತಟ್ಟಲು ಕೈ ಎತ್ತುತ್ತಾನೆ. ನಾಲ್ಕು ನಿಮಿಷ ಕೈ ಹಾಗೇ ಇರುತ್ತದೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಅಂಕಣದಲ್ಲಿ ಬರೆದಂತೆ, ಈ ಚಿತ್ರದ ಎತ್ತರ ಇರುವುದು ಆ ನಾಲ್ಕು ನಿಮಿಷದಲ್ಲಿ. ಸಂಪೂರ್ಣ ನಿಶ್ಶಬ್ದ. ಒಳಗೆ ಯಾರೂ ಇಲ್ಲ, ಅವನು ತಡವಾಗಿ ಬಂದಿದ್ದಾನೆ, ಅದು ಅವನಿಗೂ ಗೊತ್ತು. ಆ ಹೊತ್ತಿನಲ್ಲಿ ಯಾರೂ ಮಾತಾಡದಂತೆ ನೋಡಿಕೊಳ್ಳಿ ಎಂಬುದೊಂದೇ ನನ್ನ ಕೋರಿಕೆ.

ಜನ ಏನೆಂದರು ಎಂದು ತಪ್ಪದೆ ಬರೆಯಿರಿ. ಕಾಯುತ್ತಿರುತ್ತೇನೆ.

ವಿಶ್ವಾಸದ,
ಸೂರ್ಯಪ್ರಕಾಶ್


ದಬ್ಬೇಘಟ್ಟ
೧ ಸೆಪ್ಟೆಂಬರ್ ೨೦೨೫

ಮಾನ್ಯ ಸೂರ್ಯಪ್ರಕಾಶ್ ಅವರಿಗೆ,

ಪ್ರದರ್ಶನ ನಿನ್ನೆ ನಡೆಯಿತು. ನೀವು ಪತ್ರಿಕೆಯವರು. ಆದ್ದರಿಂದ ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಸುಮಾರು ಎಪ್ಪತ್ತು ಜನ ಸೇರಿದ್ದರು. ಮಾಯಸಂದ್ರದಿಂದಲೂ ನಾಲ್ಕು ಮಂದಿ ಬಸ್ಸಿನಲ್ಲಿ ಬಂದಿದ್ದರು. ಗೋಡೆಗೆ ಬಿಳಿ ಪಂಚೆ ಕಟ್ಟಿದ್ದೆವು. ನನ್ನ ನಾದಿನಿಯ ಮಗಳು ಕೃತಿಕಾ ತುರುವೇಕೆರೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಓದಲು ಬಾರದವರಿಗೆ ಅಡಿಬರಹಗಳನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಅವಳದು. ನಿಮ್ಮ ಆರ್ವಿಡ್ ಮಾತಾಡುವುದೇ ಕಡಿಮೆಯಾದ್ದರಿಂದ ಆ ಕೆಲಸ ಕಷ್ಟದ್ದಾಯಿತು. ನಮ್ಮ ಅತ್ತೆಗೆ ಕಿವಿ ಮಂದ, ಅವಳ ಪಕ್ಕದಲ್ಲೇ ಕೂತಿದ್ದರು.

"ಏನಂದ್ನೇ?"

"ಏನೂ ಅಂದಿಲ್ಲ ಅಜ್ಜಿ."

"ಬಾಯಿ ಆಡ್ತಲ್ಲ?"

"ಅದು ಆಲೂಗೆಡ್ಡೆ ತಿಂತಾವ್ನೆ ಅಜ್ಜಿ."

ಅರ್ಧ ಗಂಟೆ ಹೀಗೇ ನಡೆಯಿತು. ಒಂದು ಹೊತ್ತಿನಲ್ಲಿ ಪರದೆ ಪೂರ್ತಿ ಬಿಳಿಯಾಗಿ ಹಾಗೇ ನಿಂತಾಗ ನಂಜುಂಡಪ್ಪನವರು ಎದ್ದುಹೋಗಿ ಪ್ರೊಜೆಕ್ಟರಿನ ವೈರು ಅಲ್ಲಾಡಿಸಿದರು. ಹಿಮ ಬೀಳುತ್ತಿದೆ ಎಂದು ನಾನು ಹೇಳಿದ ಮೇಲೆ ಕೂತರು. ಕೂತವರು, "ಹಿಂಗೆ ಬಿದ್ರೆ ಇವ್ರು ಕಾಯಿ ಎಲ್ಲಿ ಒಣಗಿಸ್ತಾರೆ?" ಎಂದು ಕೇಳಿದರು.

ನಡುವೆ ಚಹಾಕ್ಕೆ ಬಿಡುವು ಕೊಟ್ಟೆವು. ಹತ್ತಾರು ಮಂದಿ ಮನೆಗೆ ಹೋದರು, ಅದನ್ನು ಮುಚ್ಚಿಡುವುದಿಲ್ಲ. ಟ್ರ್ಯಾಕ್ಟರ್ ಓಡಿಸುವ ರವಿಕಿರಣ್ ಕೂಡ ಹೋದ. ಚಹಾ ಮುಗಿಯುವ ಹೊತ್ತಿಗೆ ಹೆಂಡತಿಯನ್ನು ಕರೆದುಕೊಂಡು ವಾಪಸ್ ಬಂದ. "ನಮ್ಮಿಬ್ರಿಗೂ ಮಾತಿಲ್ದೆ ಒಂದ್ ವಾರ ಆಗಿತ್ತು ಮೇಡಂ. ಇವ್ಳೂ ನೋಡ್ಲಿ ಅಂತ ಕರ್ಕಂಡ್ ಬಂದೆ" ಎಂದ. ಅವಳು, "ನಾನಲ್ಲ, ಇವ್ರು ನೋಡ್ಬೇಕಾಗಿರೋದು" ಎಂದು ಕೂತಳು. ಮನೆಗೆ ಹೋಗುವಾಗ ಇಬ್ಬರೂ ಜಗಳವಾಡಿಕೊಂಡೇ ಹೋದರು. ಅಂದರೆ ಮಾತು ಶುರುವಾಗಿದೆ.

ಇನ್ನು ಕೊನೆಯ ದೃಶ್ಯ. ನಿಮ್ಮ ಕೋರಿಕೆಯನ್ನು ಮೊದಲೇ ಎಲ್ಲರಿಗೂ ಹೇಳಿದ್ದೆ. ಅರ್ಧ ನಿಮಿಷ ಪಾಲಿಸಿದರು.

ಒಂದು ವಿಷಯ ನಿಮಗೆ ತಿಳಿದಿರಬೇಕು. ನಮ್ಮ ಕಡೆ ಹಗಲು ಹೊತ್ತು ಬಾಗಿಲು ತಟ್ಟುವ ಪದ್ಧತಿ ಇಲ್ಲ. ಬಾಗಿಲು ತೆರೆದೇ ಇರುತ್ತದೆ. ಬಂದವರು ಬೀದಿಯಲ್ಲಿ ನಿಂತು ಮನೆಯವರ ಹೆಸರು ಹಿಡಿದು ಕೂಗುತ್ತಾರೆ. ಹಾಗಾಗಿ ಆರ್ವಿಡ್ ಕೈ ಎತ್ತಿ ನಿಂತದ್ದು ಯಾಕೆಂದು ಬಹಳ ಮಂದಿಗೆ ಹೊಳೆಯಲೇ ಇಲ್ಲ. ಹಾಲಿನ ಡೇರಿಯ ಚಿಕ್ಕಗೌರಮ್ಮ, "ಕೈ ಯಾಕ್ ಎತ್ತವ್ನೆ? ಹೊಡ್ಯಾಕಾ?" ಎಂದರು. ತಟ್ಟುವುದಕ್ಕೆ ಎಂದು ಕೃತಿಕಾ ಹೇಳಿದಳು. "ಅಯ್ಯೋ, ಕೂಗಕ್ಕೇನ್ ಬಂದೈತೆ ಇವ್ನಿಗೆ? ಹೆಸ್ರು ಮರ್ತೋಗೈತಾ?"

ಆಮೇಲೆ ಯಾರನ್ನೂ ತಡೆಯಲು ಆಗಲಿಲ್ಲ. "ಬ್ರಿಟಮ್ಮಾ!" ಎಂದು ಮೊದಲು ಕೂಗಿದ್ದು ನಂಜುಂಡಪ್ಪನವರು. ಹಿಂದಿನಿಂದ ಇನ್ನೊಬ್ಬರು, "ಬ್ರಿಟಕ್ಕಾ, ನಿಮ್ಮೆಜಮಾನ್ರು ಬಂದವ್ರೆ!" ಎಂದರು. ಎಲ್ಲರೂ ಸೇರಿ ಅವನ ಪರವಾಗಿ ಕೂಗತೊಡಗಿದರು. ನಮ್ಮ ಅತ್ತೆ ಎದ್ದು ನಿಂತು, ಪರದೆಯ ಕಡೆ ಕೈ ನೀಡಿ ಬೈದರು: "ಲೇ, ಹೊರಗಿನೋನಾದ್ರೆ ಕೂಗ್ಬೇಕು, ಮನೆಯೋನಾದ್ರೆ ಒಳೀಕ್ ಹೋಗ್ಬೇಕು. ನೀನು ಎಲ್ಡೂ ಮಾಡ್ದೆ ನಿಂತಿದ್ದೀಯಲ್ಲೋ!"

ಕೂಗಾಟ ತಣ್ಣಗಾದಾಗ ಚಿಕ್ಕಗೌರಮ್ಮ, "ಸುಮ್ಕಿರ್ರಪ್ಪ, ನಾಯಿ ಬೊಗಳ್ತೈತೆ ಕೇಳ್ರಿ" ಎಂದರು. ಕೇಳಿದೆವು. ನಿಜ. ಬಾಗಿಲ ಹಿಂದೆ, ಮನೆಯೊಳಗೆ ನಾಯಿ. ಕೊನೆಗೊಮ್ಮೆ ಪಾತ್ರೆ ಕೆಳಗಿಟ್ಟ ಸದ್ದೂ ಬಂತು. ಅಷ್ಟರಲ್ಲಿ ಚಿತ್ರ ಮುಗಿಯಿತು.

ದೀಪ ಹಾಕಿದ ಮೇಲೆ ಯಾರೂ ಏಳಲಿಲ್ಲ. ಎರಡು ಪಕ್ಷವಾಗಿ ಪಂಚಾಯಿತಿ ಶುರುವಾಯಿತು. ನಂಜುಂಡಪ್ಪನವರದು ಆರ್ವಿಡ್ ಪಕ್ಷ: "ಅಷ್ಟ್ ದೂರದಿಂದ ಬಂದವ್ನೆ, ನಾಯಿ ಬೊಗಳಿದ್ರೆ ಅವ್ಳೇ ಎದ್ದು ನೋಡ್ಬೇಕಿತ್ತು." ಚಿಕ್ಕಗೌರಮ್ಮನವರದು ಬ್ರಿಟಾ ಪಕ್ಷ: "ಯಾಕ್ ನೋಡ್ಬೇಕು? ಬಾಯಿ ಐತಲ್ಲ, ಕೂಗ್ಲಿ. ಮೂರ್ಹೊತ್ತೂ ಆಲೂಗೆಡ್ಡೆ ತಿಂದ್ರೆ ದನಿ ಎಲ್ಲಿಂದ ಬತ್ತದೆ? ಒಂದ್ ಮುದ್ದೆ ಉಂಡಿದ್ರೆ ಅವತ್ತೇ ಕೂಗ್ತಿದ್ದ." ಚಿತ್ರ ಹಿಡಿಸಿತೇ ಎಂದು ಕೇಳಿದೆ. ಅರ್ಧ ಜನ ಇಲ್ಲ ಎಂದರು. ಇಲ್ಲ ಎಂದವರೇ ಇವತ್ತು ಬೆಳಿಗ್ಗೆ ಡೇರಿಯಲ್ಲಿ ಅದರ ಬಗ್ಗೆ ಮಾತಾಡುತ್ತಿದ್ದರು.

ನನಗೊಂದು ಸಂದೇಹ. ಮನೆ ಖಾಲಿ, ಸಂಪೂರ್ಣ ನಿಶ್ಶಬ್ದ ಎಂದು ನೀವು ಅಂಕಣದಲ್ಲೂ ಪತ್ರದಲ್ಲೂ ಬರೆದಿದ್ದೀರಿ. ಆ ನಾಯಿಯನ್ನು ಬೇಕೆಂದೇ ಬಿಟ್ಟಿರೇ? ಅದರಲ್ಲಿ ನಮಗೆ ತಿಳಿಯದ ಏನಾದರೂ ಅರ್ಥವಿದೆಯೇ?

ಮುಂದಿನ ಸಾಲಿನಲ್ಲಿ ನಿಮಗೆಂದು ಒಂದು ಕುರ್ಚಿ ಇಟ್ಟಿದ್ದೆ. ಅದರಲ್ಲಿ ಯಾರೂ ಕೂರಲಿಲ್ಲ. ಕರೆಯುವುದನ್ನು ನಿಲ್ಲಿಸುತ್ತೇನೆ ಎಂದಿದ್ದೆ. ಇವತ್ತಿನಿಂದ ನಿಲ್ಲಿಸಿದ್ದೇನೆ.

ಇತಿ,
ಸುನಂದಾ


ದಬ್ಬೇಘಟ್ಟ
೨೨ ಸೆಪ್ಟೆಂಬರ್ ೨೦೨೫
(ಅಂಚೆ ಕಾರ್ಡು)

ಸೂರ್ಯಪ್ರಕಾಶ್ ಅವರಿಗೆ,

ನಿಮ್ಮಿಂದ ಪತ್ರವಿಲ್ಲ. ಹಿಂದೆ ಇಷ್ಟು ತಡವಾದದ್ದಿಲ್ಲ. ಆರೋಗ್ಯವೇ? ನಾನು ಬರೆದದ್ದು ಒರಟಾಗಿದ್ದರೆ ಕ್ಷಮಿಸಿ. ಎರಡು ಸಾಲು ಬರೆಯಿರಿ, ಸಾಕು.

ಸುನಂದಾ


ದಬ್ಬೇಘಟ್ಟ
೨೯ ಸೆಪ್ಟೆಂಬರ್ ೨೦೨೫

ಸೂರ್ಯಪ್ರಕಾಶ್ ಅವರಿಗೆ,

ನಿನ್ನೆಯ ಪುರವಣಿ ನೋಡಿದೆ. ನಿಮ್ಮ ಅಂಕಣದ ಕೆಳಗೆ, ಚೌಕಟ್ಟಿನಲ್ಲಿ:

"ತಿದ್ದುಪಡಿ: ಮಾರ್ಚ್ ತಿಂಗಳಲ್ಲಿ ಈ ಅಂಕಣದಲ್ಲಿ ಸ್ವೀಡನ್ನಿನ ಚಿತ್ರವೊಂದರ ಕೊನೆಯ ದೃಶ್ಯ ಸಂಪೂರ್ಣ ನಿಶ್ಶಬ್ದ ಎಂದು ಬರೆಯಲಾಗಿತ್ತು. ದೃಶ್ಯದುದ್ದಕ್ಕೂ ಮನೆಯೊಳಗೆ ನಾಯಿ ಬೊಗಳುತ್ತದೆ. ಕೊನೆಯಲ್ಲಿ ಪಾತ್ರೆಯ ಸದ್ದಿದೆ. ಮನೆ ಖಾಲಿ ಇಲ್ಲ. ಇದನ್ನು ತಿಳಿಸಿದ ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಪ್ರೇಕ್ಷಕರಿಗೆ ಕೃತಜ್ಞತೆ. ತಪ್ಪಿಗೆ ವಿಷಾದಿಸುತ್ತೇನೆ."

ಊರಿನಲ್ಲಿ ಹಬ್ಬ. ನಂಜುಂಡಪ್ಪನವರು ಹೋಟೆಲಿನಲ್ಲಿ ನಿಂತು ಅದನ್ನು ಎರಡು ಸಲ ಓದಿದರಂತೆ. "ನಮ್ಮೂರೋರ ಕಿವಿ ಪೇಪರ್‌ನಾಗೆ ಬಂತು ಕಣ್ರಲಾ!" ಚಿಕ್ಕಗೌರಮ್ಮ ಆ ಪುಟ ಕತ್ತರಿಸಿ ಡೇರಿಯ ಗೋಡೆಗೆ ಅಂಟಿಸಿದ್ದಾರೆ.

ನನಗೆ ಮಾತ್ರ ಸಂತೋಷವಾಗಲಿಲ್ಲ. ಇಷ್ಟು ವರ್ಷ ಬರೆದವರು ನಮ್ಮಿಂದಾಗಿ ಸಾರ್ವಜನಿಕವಾಗಿ ತಲೆತಗ್ಗಿಸಬೇಕಾಯಿತು. ನಾನು ಕೇಳಿದ್ದು ತಿಳಿದುಕೊಳ್ಳುವುದಕ್ಕೆ, ತಪ್ಪು ಹಿಡಿಯುವುದಕ್ಕಲ್ಲ. ನೀವು ನೊಂದಿದ್ದೀರಿ, ಅದಕ್ಕೇ ಬರೆಯುತ್ತಿಲ್ಲ ಎಂದು ಈಗ ಅರ್ಥವಾಯಿತು. ಇನ್ನು ಬರೆಯದಿದ್ದರೂ ನಾನು ಬೇಸರಿಸುವುದಿಲ್ಲ. ಅಂಕಣ ಓದುತ್ತಿರುತ್ತೇನೆ.

ಸುನಂದಾ


ಧಾರವಾಡ
೩ ಅಕ್ಟೋಬರ್ ೨೦೨೫

ಸುನಂದಾ ಅವರಿಗೆ,

ನೀವು ತಿಳಿದದ್ದು ಪೂರ್ತಿ ತಪ್ಪು. ತಿದ್ದುಪಡಿ ಬರೆದ ದಿನ ನನಗೆ ನಾಚಿಕೆಯಾಗಲಿಲ್ಲ, ಹಗುರವಾಯಿತು. ನನಗೆ ಬೇಕಾದದ್ದು ಇನ್ನೊಂದು ತಿದ್ದುಪಡಿಗೆ ಧೈರ್ಯ. ಅದು ಪತ್ರಿಕೆಯಲ್ಲಿ ಬರುವಂಥದ್ದಲ್ಲ. ಅದಕ್ಕೇ ಇಷ್ಟು ದಿನ ಹಿಡಿಯಿತು.

ನಿಮ್ಮ ಪತ್ರ ಬಂದ ದಿನ ಪಕ್ಕದ ಮನೆಯ ಮಂಗಳಾ ಅವರನ್ನು ಕರೆದು, ಕೊನೆಯ ದೃಶ್ಯ ಹಾಕಿ, ಏನಾದರೂ ಕೇಳಿಸುತ್ತದೆಯೇ ನೋಡಿ ಎಂದೆ. ಅವರು ನನ್ನ ಮುಖ ನೋಡಿ, ಕಿವಿಯ ಹತ್ತಿರ ಬಂದು ಹೇಳಿದರು: "ನಾಯಿ ರೀ ಸರ. ಆಗ್ಲಿಂದ ಒಂದs ಸವನ ಬೊಗಳಾಕ ಹತ್ತೈತಿ. ಒಳಗ ಯಾರೋ ಅದಾರ್ರಿ." ಆ ಚಿತ್ರವನ್ನು ನಾನು ಏಳು ಸಲ ನೋಡಿದ್ದೆ. ನಾಯಿ ಇರುವುದು ನನಗೆ ಗೊತ್ತಿರಲಿಲ್ಲ.

ನನಗೆ ಕಿವಿ ಕೇಳುವುದಿಲ್ಲ, ಸುನಂದಾ ಅವರೇ. ಐದಾರು ವರ್ಷದಿಂದ ಮಂದವಾಗುತ್ತ ಬಂದು ಈಗ ಬಹುಪಾಲು ಹೋಗಿದೆ. ಪತ್ರಿಕೆಯ ನೌಕರಿಯಿಂದ ಸ್ವಯಂ ನಿವೃತ್ತಿ ಪಡೆದು, ಮನೆಯಿಂದ ಅಂಕಣವನ್ನಷ್ಟೇ ಬರೆಯುತ್ತಿರುವುದು ಇದಕ್ಕೇ. ಕಿವಿಗೆ ಹಾಕುವ ಯಂತ್ರವಿದೆ. ಎದುರಿಗೆ ಒಬ್ಬರೇ ಕೂತು ನಿಧಾನವಾಗಿ ಮಾತಾಡಿದರೆ ಅರ್ಧ ತಿಳಿಯುತ್ತದೆ. ನಾಲ್ಕು ಜನ ಸೇರಿದರೆ ಗಿರಣಿಯಲ್ಲಿ ನಿಂತಂತೆ. ಫೋನು ಸಾಧ್ಯವೇ ಇಲ್ಲ. ಕನ್ನಡ ಚಿತ್ರಗಳ ಬಗ್ಗೆ ಬರೆಯುವುದನ್ನು ಯಾಕೆ ಬಿಟ್ಟಿರಿ ಎಂದು ನೀವು ಒಮ್ಮೆ ಕೇಳಿದ್ದಿರಿ. ಅಭಿರುಚಿ ಬದಲಾಯಿತು ಎಂದು ದೊಡ್ಡ ಮಾತು ಬರೆದಿದ್ದೆ. ನಿಜವಾದ ಕಾರಣ ಬೇರೆ. ಅಡಿಬರಹ ಇರುವ ಚಿತ್ರಗಳಲ್ಲಿ ಮಾತ್ರ ನಾನೂ ಎಲ್ಲರ ಹಾಗೆ.

೩೧ರಂದು ಇಲ್ಲಿ ಯಾವ ಕಾರ್ಯಕ್ರಮವೂ ಇರಲಿಲ್ಲ. ತಿಪಟೂರಿಗೆ ಟಿಕೆಟ್ ತೆಗೆಸಿದ್ದೆ. ಸ್ಟೇಷನ್ನಿಗೂ ಹೋಗಿದ್ದೆ. ನೀವು ಏನೋ ಕೇಳಿ, ನಾನು ಇನ್ನೇನೋ ಹೇಳಿ, ಪತ್ರದಲ್ಲಿ ಎರಡು ವರ್ಷ ಕಟ್ಟಿದ್ದು ಎರಡು ನಿಮಿಷದಲ್ಲಿ ಕುಸಿಯುತ್ತದೆ ಅನ್ನಿಸಿತು. ರೈಲು ಬಂತು. ನಾನು ಹತ್ತಲಿಲ್ಲ. ಆರ್ವಿಡ್ ಬಗ್ಗೆ ನಾನು ಅಷ್ಟು ವಿವರವಾಗಿ ಬರೆಯಬಲ್ಲವನಾದದ್ದು ಹೇಗೆಂದು ಈಗ ನಿಮಗೆ ತಿಳಿದಿರಬಹುದು.

ಕರೆಯುವುದನ್ನು ನಿಲ್ಲಿಸಿದ್ದೇನೆ ಎಂದು ಬರೆದಿದ್ದೀರಿ. ಇದೆಲ್ಲ ತಿಳಿದ ಮೇಲೂ ಇನ್ನೊಂದು ಸಲ ಕರೆಯುವುದಾದರೆ, ಈ ಸಲ ರೈಲು ಹತ್ತುತ್ತೇನೆ.

ಸೂರ್ಯಪ್ರಕಾಶ್


ದಬ್ಬೇಘಟ್ಟ
೯ ಅಕ್ಟೋಬರ್ ೨೦೨೫

ಸೂರ್ಯಪ್ರಕಾಶ್ ಅವರೇ,

ಬನ್ನಿ.

ಇದನ್ನು ಮೊದಲು ಬರೆದೆ, ಮಿಕ್ಕದ್ದು ಆಮೇಲೆ. ನಿಮ್ಮ ಪತ್ರ ಓದಿ ನನಗೆ ಮೊದಲು ಬಂದದ್ದು ಸಿಟ್ಟು. ನಾನೇನು ನಿಮ್ಮ ಕಿವಿಗೆ ಪತ್ರ ಬರೆಯುತ್ತಿದ್ದೆನೇ? ಆಮೇಲೆ ಹಿತ್ತಲಿಗೆ ಹೋಗಿ ನಕ್ಕೆ. ಎರಡು ವರ್ಷ ನಾನು ಏನೇನು ಅಂದುಕೊಂಡಿದ್ದೆ! ದೊಡ್ಡ ಪತ್ರಿಕೆಯವರು, ಹಳ್ಳಿಯವಳ ಜೊತೆ ಫೋನಿನಲ್ಲಿ ಮಾತಾಡುವುದು ಅವರಿಗೆ ಕಡಿಮೆ ಅನ್ನಿಸುತ್ತಿರಬೇಕು ಎಂದೂ ಅಂದುಕೊಂಡಿದ್ದೆ. ಇದನ್ನು ನಾನು ಬರೆದಿರಲಿಲ್ಲ. ಈಗ ಸಮವಾಯಿತು.

ಅತ್ತೆಗೆ ವಿಷಯ ಹೇಳಿದೆ. ಅವರಿಗೆ ಹೇಳುವುದೆಂದರೆ ಬೀದಿಗೆ ಹೇಳಿದ ಹಾಗೆ, ಅಷ್ಟು ಗಟ್ಟಿಯಾಗಿ ಹೇಳಬೇಕು. ಕೇಳಿಸಿಕೊಂಡು, "ಅಷ್ಟೇನಾ?" ಎಂದರು. "ನಾನು ಕುಡುಕ ಅಂತ ತಿಳ್ಕಂಡಿದ್ದೆ ಬುಡು. ಕಿವಿ ತಾನೇ? ನಂಗೆ ಕೇಳುಸ್ತದಾ? ನಾನು ಬದುಕಿಲ್ವಾ?"

ಇದೇ ೨೬ರ ಭಾನುವಾರ ಸಂಜೆ ಅದೇ ಚಿತ್ರವನ್ನು ಮತ್ತೆ ಹಾಕುತ್ತೇವೆ. ಜನರೇ ಕೇಳಿದ್ದು. ನಾಯಿ ಇರುವುದನ್ನು ತಿಳಿದುಕೊಂಡು ಮೊದಲಿಂದ ನೋಡಬೇಕಂತೆ. ಎದ್ದು ಹೋಗಿದ್ದವರೂ ಬರುತ್ತಾರೆ.

ತಿಪಟೂರಿನಲ್ಲಿ ಇಳಿದು ತುರುವೇಕೆರೆ ಬಸ್ಸು ಹಿಡಿಯಿರಿ. ಅಲ್ಲಿಂದ ನಮ್ಮೂರಿಗೆ ಬಸ್ಸಿದೆ. ಕಂಡಕ್ಟರ್ ಏನೆಂದ ಎಂದು ತಲೆಕೆಡಿಸಿಕೊಳ್ಳಬೇಡಿ, ಊರ ಹೆಸರು ಬರೆದ ಚೀಟಿ ತೋರಿಸಿ. ಡೇರಿ ದಾಟಿದ ಮೇಲೆ ಎಡಗಡೆ, ಬಾಗಿಲಿಗೆ ಹಸಿರು ಬಣ್ಣ. ಬಂದು ಬೀದಿಯಲ್ಲಿ ನಿಂತು ಕೂಗಿ. ಉತ್ತರ ಕೇಳಿಸುವುದಿಲ್ಲವಲ್ಲ ಎಂದು ಚಿಂತೆ ಬೇಡ. ನಮ್ಮ ಕಡೆ ಕೂಗಿದವರಿಗೆ ಒಳಗಿನಿಂದ ಉತ್ತರ ಹೇಳುವುದಿಲ್ಲ. ಎದ್ದು ಹೊರಗೆ ಬರುತ್ತೇವೆ.

ಕಾಯುತ್ತಿರುತ್ತೇನೆ.

ಸುನಂದಾ


ಧಾರವಾಡ
೨೯ ಅಕ್ಟೋಬರ್ ೨೦೨೫

ಪ್ರಿಯ ಸುನಂದಾ ಅವರಿಗೆ,

ನಿನ್ನೆ ತಲುಪಿದೆ. ಅಲ್ಲಿ ಆದದ್ದೆಲ್ಲ ನಿಮಗೆ ಗೊತ್ತು. ಆದರೂ ನನ್ನ ಕಡೆಯಿಂದ ಹೇಗೆ ಕಂಡಿತು ಎಂಬುದನ್ನು ಬರೆಯದಿದ್ದರೆ ವರದಿ ಪೂರ್ತಿಯಾಗುವುದಿಲ್ಲ.

ಹಸಿರು ಬಾಗಿಲು ತೆರೆದಿತ್ತು. ನಾನು ಬೀದಿಯಲ್ಲಿ ನಿಂತೆ. ನಿಂತೇ ಇದ್ದೆ. ಅಭ್ಯಾಸಬಲದಿಂದ ಬಲಗೈ ಮೇಲೆದ್ದಿತ್ತು, ತಟ್ಟಲು ಎದುರಿಗೆ ಏನೂ ಇರಲಿಲ್ಲ. ನೆನಪಾಗಿ ಕೈ ಇಳಿಸಿ, ಕಣ್ಣು ಮುಚ್ಚಿ ನಿಮ್ಮ ಹೆಸರು ಕೂಗಿದೆ. ನನ್ನ ದನಿ ಎಷ್ಟು ದೊಡ್ಡದು ಎಂದು ನನಗೆ ತಿಳಿಯುವುದಿಲ್ಲ. ಕಣ್ಣು ಬಿಟ್ಟಾಗ ಎದುರು ಮನೆಯ ಜಗುಲಿಯಲ್ಲಿ ಜನ, ಪಕ್ಕದ ಮನೆಯ ಕಿಟಕಿಯಲ್ಲಿ ಜನ, ಡೇರಿಯ ಕಡೆಯಿಂದ ಕ್ಯಾನು ಹಿಡಿದು ಓಡಿಬರುತ್ತಿದ್ದ ಚಿಕ್ಕಗೌರಮ್ಮ. ನಿಮ್ಮ ಬಾಗಿಲಿಗೆ ಮೊದಲು ಬಂದವರು ನಿಮ್ಮ ಅತ್ತೆ. ಅವರು ಏನೋ ಹೇಳಿದರು, ಬೀದಿ ಪೂರ್ತಿ ನಕ್ಕಿತು. ಅವರ ಹಿಂದೆ ನೀವು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ನಗುತ್ತಿದ್ದೀರೋ ಅಳುತ್ತಿದ್ದೀರೋ ತಿಳಿಯಲಿಲ್ಲ. ಪತ್ರದಲ್ಲಿ ನೀವು ಹೇಗಿರಬಹುದು ಎಂದು ಕಲ್ಪಿಸಿಕೊಂಡದ್ದೆಲ್ಲ ಆ ಕ್ಷಣ ಮರೆತುಹೋಯಿತು. ನೆನಪಿಟ್ಟುಕೊಳ್ಳಬೇಕಾಗಿಯೂ ಇರಲಿಲ್ಲ.

ಆಗ ಕೃತಿಕಾ ಗ್ರಂಥಾಲಯದ ಸಣ್ಣ ಬಿಳಿ ಹಲಗೆ ಹಿಡಿದು ನನ್ನ ಪಕ್ಕ ಬಂದು ನಿಂತಳು. ಅವತ್ತು ಇಡೀ ದಿನ ಅವಳು ನನಗೆ ಅಡಿಬರಹವಾದಳು. ಮೊದಲು ಬರೆದದ್ದು: "ಅಜ್ಜಿ: ನಂಗೇ ಕೇಳಿಸ್ತು ಕಣಪ್ಪ! ನಂಗೇ ಕೇಳಿಸಿದ್ಮೇಲೆ ತಿಪಟೂರ್‌ಗೂ ಕೇಳಿಸಿರ್ತದೆ." ಆಗ ಬೀದಿಯ ಜೊತೆಗೆ ನಾನೂ ನಕ್ಕೆ. ಸ್ವಲ್ಪ ತಡವಾಗಿ, ಅಷ್ಟೇ.

ಊಟದ ನಂತರ ನಂಜುಂಡಪ್ಪನವರು ಕೊಬ್ಬರಿ ಅಟ್ಟಕ್ಕೆ ಹತ್ತಿಸಿದರು. ವರ್ಷ ತುಂಬುತ್ತ ಬಂದ ಒಂದು ಕಾಯಿ ಆರಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನಗೆ ಕೊಟ್ಟರು. ಒಣಗಿದ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಒಳಗೆ ಹೊರಳುತ್ತದೆ, ಆ ಸದ್ದು ಬಂದರೆ ಒಡೆಯಬಹುದು ಎಂದು ಕೃತಿಕಾ ಬರೆದು ತೋರಿಸಿದಳು. ನಾನೂ ಅಲ್ಲಾಡಿಸಿದೆ. ಕಿವಿಗೆ ಏನೂ ಬರಲಿಲ್ಲ. ಅಂಗೈಗೆ ಬಂತು. ಒಳಗಿನಿಂದ ಯಾರೋ ಬಾಗಿಲು ತಟ್ಟಿದಂತೆ, ಸ್ಪಷ್ಟವಾಗಿ. ಗೊತ್ತಾಯಿತು ಎಂದು ತಲೆಯಾಡಿಸಿದೆ. ನಂಜುಂಡಪ್ಪನವರು ಬೆನ್ನು ತಟ್ಟಿದರು.

ಸಂಜೆಯ ಪ್ರದರ್ಶನದಲ್ಲಿ ಮುಂದಿನ ಸಾಲಿನ ಆ ಕುರ್ಚಿಯಲ್ಲಿ ಕೂತೆ. ಜನ ಏನೇನು ಕೂಗಿದರು ಎಂದು ಕೃತಿಕಾ ಎಲ್ಲವನ್ನೂ ಬರೆದಳು: "(ಎಲ್ಲರೂ ನಗುತ್ತಿದ್ದಾರೆ)", "(ರವಿಕಿರಣಣ್ಣನ ಹೆಂಡತಿ: ನೋಡ್ರಿ, ನೀವೂ ಹಿಂಗೇ)". ಕೊನೆಯ ದೃಶ್ಯ ಬಂತು. ಆರ್ವಿಡ್ ಕೈ ಎತ್ತಿದ. ಕೊಬ್ಬರಿ ಮನೆಯಲ್ಲಿ ಒಬ್ಬರ ತುಟಿಯೂ ಅಲುಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಹಲಗೆ ನನ್ನ ಮುಂದೆ ಬಂತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ, "ನಾಯಿ ಬೊಗಳುತ್ತಿದೆ" ಎಂದು ಇತ್ತು.

ಎಂಟನೆಯ ಸಲ ನೋಡಿದಾಗ ನನಗೆ ಆ ಚಿತ್ರ ಅರ್ಥವಾಯಿತು. ನನ್ನ ಅಂಕಣದಲ್ಲಿ ಅದನ್ನು ದುಃಖದ ಚಿತ್ರ ಎಂದು ಬರೆದಿದ್ದೆ. ಅದಕ್ಕೂ ಒಂದು ತಿದ್ದುಪಡಿ ಕಳಿಸಿದ್ದೇನೆ. ಸಂಪಾದಕರು, ತಿದ್ದುಪಡಿಗಳಿಗೇ ಒಂದು ಅಂಕಣ ಶುರುಮಾಡೋಣವೇ ಎಂದು ಕೇಳಿದ್ದಾರೆ.

ಒಂದು ಮಾತು ಬಾಕಿ ಇದೆ. ಹೊರಡುವಾಗ ನಿಮ್ಮ ಅತ್ತೆ ಕೇಳಿದ ಪ್ರಶ್ನೆಯನ್ನು ಕೃತಿಕಾ ಬರೆಯಲು ಹೋದಾಗ ನೀವು ಪೆನ್ನು ಕಿತ್ತುಕೊಂಡು ಒಳಗೆ ಹೋದಿರಿ. ಅವಳ ಹತ್ತಿರ ಇನ್ನೊಂದು ಪೆನ್ನಿತ್ತು. "ಅಜ್ಜಿ: ಬಂದು ಹೋಗೋದು ಸರಿ, ಬಂದು ಇರೋದು ಯಾವಾಗ?" ಎಂದು ಬರೆದಳು. ನಾನು ಅಲ್ಲಿ ಉತ್ತರ ಹೇಳಲಿಲ್ಲ. ಹೇಳಿದ್ದರೆ, ನನ್ನ ದನಿ ಗೊತ್ತಲ್ಲ, ನಿಮಗಿಂತ ಮೊದಲು ಡೇರಿಗೆ ತಿಳಿಯುತ್ತಿತ್ತು. ಇಲ್ಲಿ ಬರೆಯುತ್ತೇನೆ. ನನಗೆ ಬಂದು ಇರುವ ಮನಸ್ಸಿದೆ. ಅದು ನಿಮಗೂ ಒಪ್ಪಿಗೆಯೇ? ಯೋಚಿಸಿ, ಬೇಕಾದಷ್ಟು ದಿನ ತೆಗೆದುಕೊಂಡು ಬರೆಯಿರಿ.

ಮುಂದಿನ ತಿಂಗಳ ಪ್ರದರ್ಶನಕ್ಕೆ ಬರುತ್ತೇನೆ. ಈ ಸಲ ಸ್ವಲ್ಪ ಮೆಲ್ಲಗೆ ಕೂಗುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.

ನಿಮ್ಮ,
ಸೂರ್ಯಪ್ರಕಾಶ್


ದಬ್ಬೇಘಟ್ಟ
೩ ನವೆಂಬರ್ ೨೦೨೫

ಪ್ರಿಯ ಸೂರ್ಯಪ್ರಕಾಶ್ ಅವರೇ,

ನಿಮ್ಮ ಪತ್ರ ಇವತ್ತು ಬಂತು. ಯೋಚಿಸಲು ದಿನ ಬೇಕಾಗಲಿಲ್ಲ, ಇದು ಸಂಜೆಯ ಟಪಾಲಿಗೇ ಹೋಗುತ್ತದೆ.

ಅಭ್ಯಾಸ ಮಾಡಬೇಡಿ. ಮುಂದಿನ ಸಲ ಬಂದಾಗ ಬೀದಿಯಲ್ಲಿ ನಿಲ್ಲಬೇಡಿ, ಕೂಗಲೂ ಬೇಡಿ. ಚಪ್ಪಲಿ ಜಗುಲಿಯಲ್ಲಿ ಬಿಟ್ಟು, ಕಾಲು ತೊಳೆದು, ನೇರ ಒಳಗೆ ಬನ್ನಿ.

ಸುನಂದಾ